ಆನ್‌ಲೈನ್ ಚೆಸ್‌ನಲ್ಲಿ ನಂಗೇ ಯಾಕೆ ಯಾವಾಗ್ಲೂ ಬ್ಲ್ಯಾಕ್? ಪದೇ ಪದೇ ಕೇಳುವ ಪ್ರಶ್ನೆಗಳು

ತುಮಕೂರಲ್ಲಿ ನಾವೊಂದ್ ಹನ್ನೆರಡು ಜನ ಶನಿವಾರ ಸಂಜೆ ಅಮಾನಿಕೆರೆ ಹತ್ರ ಬೋರ್ಡ್ ಹಾಕ್ಕೊಂಡು ಕೂರ್ತೀವಿ, ಮಿಕ್ಕಿದ ಆರು ದಿನ ಎಲ್ರೂ ಫೋನಲ್ಲೇ ಆಡೋದು. ಶನಿವಾರ ಸಿಕ್ಕಿದ ತಕ್ಷಣ ಶುರುವಾಗೋ ಮೊದಲ ಮಾತು ಆಟದ್ದಲ್ಲ, ಬಣ್ಣದ್ದು. ವೈಟ್, ಅಂದ್ರೆ ಬಿಳಿ ಕಾಯಿ, ಬಂದವ್ನಿಗೆ ಮೊದಲ ನಡೆ, ಬ್ಲ್ಯಾಕ್ ಬಂದವ್ನಿಗೆ ಎರಡನೇದು. "ಈ ವಾರ ಪೂರ್ತಿ ಕರಿ ಕಾಯಿ ಕೊಟ್ಟು ಸಾಯಿಸ್ಬಿಟ್ರು ಗುರು." ಒಬ್ಬೊಬ್ಬರಿಗೂ ಬಾಯಲ್ಲಿ ಉತ್ತರ ಹೇಳಿ ಹೇಳಿ ನನ್ ಟೀ ಆರಿ ತಣ್ಣಗಾಗೋದೇ ಆಯ್ತು, ಅದ್ಕೆ ಬರ್ದಿಟ್ಟಿದೀನಿ. ಇನ್ಮೇಲೆ ಕೇಳಿದ್ರೆ ಇದನ್ನೇ ಕಳಿಸ್ತೀನಿ, ಬೇಜಾರ್ ಮಾಡ್ಕೋಬೇಡಿ.

ನಂಗೆ ಸತತವಾಗಿ ಐದು ಗೇಮ್ ಬ್ಲ್ಯಾಕ್ ಬಂದೈತೆ. ಇದು ಫಿಕ್ಸಿಂಗ್ ಅಲ್ದೆ ಇನ್ನೇನು?

ಲೆಕ್ಕ ಹಾಕಿ ನೋಡೋಣ. ಪ್ರತಿ ಗೇಮಿಗೂ ನಾಣ್ಯ ಚಿಮ್ಮಿದ ಹಾಗೆ ಬಣ್ಣ ಕೊಡ್ತಾರೆ ಅಂತಿಟ್ಕೊಳ್ಳಿ. ಮುಂದಿನ ಐದು ಗೇಮೂ ಬ್ಲ್ಯಾಕೇ ಬರೋ ಸಾಧ್ಯತೆ 32ರಲ್ಲಿ ಒಂದು. ಇದು ಕೇಳಿದ್ರೆ ಅಪರೂಪ ಅನ್ಸತ್ತೆ. ಆದ್ರೆ ನೀವು ಐದೇ ಗೇಮ್ ಆಡಿ ಎದ್ದೋಗಲ್ಲ ಅಲ್ವಾ, ರಾತ್ರಿ ಊಟ ಆದ್ಮೇಲೆ ಮಂಚದ ಮೇಲೆ ಬಿದ್ಕೊಂಡು ಇಪ್ಪತ್ತು ಬ್ಲಿಟ್ಜ್, ಅಂದ್ರೆ ಕೆಲವೇ ನಿಮಿಷದ ಗೇಮ್, ಆಡ್ತೀರ. ಇಪ್ಪತ್ತು ಗೇಮಲ್ಲಿ ಎಲ್ಲೋ ಒಂದ್ ಕಡೆ ಸತತ ಐದು ಬ್ಲ್ಯಾಕ್ ಬರೋ ಸಾಧ್ಯತೆ ನೂರಕ್ಕೆ 25. ನಾಲ್ಕು ದಿನಕ್ಕೊಂದ್ ಸಲ! ಸತತ ಐದು ಒಂದೇ ಬಣ್ಣ, ವೈಟೋ ಬ್ಲ್ಯಾಕೋ ಯಾವ್ದಾದ್ರೂ ಸರಿ ಅಂದ್ರೆ ನೂರಕ್ಕೆ 45ರ ಮೇಲೆ ಹೋಗತ್ತೆ.

ಇನ್ನೊಂದ್ ವಿಷಯ. ನಮ್ ಗುಂಪಲ್ಲಿ ಹನ್ನೆರಡು ಜನ. ಒಬ್ಬೊಬ್ರೂ ಒಂದಿನ ಇಪ್ಪತ್ತು ಗೇಮ್ ಆಡಿದ್ರೆ ಅಷ್ಟು ಜನರಲ್ಲಿ ಒಬ್ರಿಗಾದ್ರೂ ಸತತ ಐದು ಬ್ಲ್ಯಾಕ್ ಬಂದಿರೋ ಸಾಧ್ಯತೆ ನೂರಕ್ಕೆ 96ಕ್ಕೂ ಜಾಸ್ತಿ. ಅಂದ್ರೆ ಗ್ರೂಪಲ್ಲಿ ದಿನಾ ಯಾರೋ ಒಬ್ರು ಸ್ಕ್ರೀನ್‌ಶಾಟ್ ಹಾಕಿ ಬೈತಾ ಇರ್ಲೇಬೇಕು, ಹಾಕ್ಲಿಲ್ಲ ಅಂದ್ರೇನೇ ನಂಗೆ ಡೌಟು. ಸತತ ಐದು ವೈಟ್ ಬಂದಾಗ ಮಾತ್ರ ಸ್ಕ್ರೀನ್‌ಶಾಟ್ ಹಾಕಿದವ್ರನ್ನ ನಾನಿನ್ನೂ ನೋಡಿಲ್ಲ.

ಅಷ್ಟಕ್ಕೂ ಬಣ್ಣ ಡಿಸೈಡ್ ಮಾಡೋದು ಯಾರು? ನನ್ ಫೋನಾ, ಅವ್ನ್ ಫೋನಾ?

ಇಬ್ಬರದ್ದೂ ಅಲ್ಲ, ಸರ್ವರ್. ಮೊದಲು ಪ್ಲೇ ಒತ್ತಿದವ್ನಿಗೆ ವೈಟ್, ನೆಟ್ ಫಾಸ್ಟ್ ಇದ್ರೆ ವೈಟ್, ಸೋತವ್ನಿಗೆ ಕನಿಕರ ತೋರ್ಸಿ ವೈಟ್, ಇವೆಲ್ಲಾ ನಮ್ ಟೀ ಅಂಗಡಿ ಸಂಶೋಧನೆಗಳು.

ಎಲ್ಲಾ ಸೈಟೂ ಬರೀ ನಾಣ್ಯ ಚಿಮ್ಮಲ್ಲ. ಲಿಚೆಸ್ ಅನ್ನೋ ಚೆಸ್ ಸೈಟ್ ಓಪನ್ ಸೋರ್ಸ್, ಅದರ ಕೋಡ್ ಬಯಲಲ್ಲೇ ಇದೆ, ಓದೋಕ್ ಬರೋರು ಯಾರ್ ಬೇಕಾದ್ರೂ ತೆಗೆದು ಓದ್ಬಹುದು. ಅಲ್ಲಿ ಕ್ವಿಕ್ ಪೇರಿಂಗ್‌ನಲ್ಲಿ, ಅಂದ್ರೆ ಸೈಟೇ ಎದುರಾಳಿ ಹುಡುಕಿ ಕೊಡೋ ಕಡೆ, ಇಬ್ರು ಸಿಕ್ಕಾಗ, ಈ ಇಬ್ಬರಲ್ಲಿ ಹಿಂದೆ ಯಾರಿಗೆ ವೈಟ್ ಕಡಿಮೆ ಬಂದಿದೆ ಅಂತ ಒಂದು ಬಾಕಿ ಲೆಕ್ಕ ನೋಡಿ ಅವರಿಗೆ ವೈಟ್ ಕೊಡತ್ತೆ. ಕಿರಾಣಿ ಅಂಗಡಿ ಖಾತೆ ಪುಸ್ತಕ ಇದ್ದ ಹಾಗೆ ಅನ್ಕೊಳ್ಳಿ. ಹಂಗಿದ್ರೂ ಎರಡು ಮೂರು ಸಲ ಸಾಲಾಗಿ ಬ್ಲ್ಯಾಕ್ ಯಾಕ್ ಬರತ್ತೆ ಅಂದ್ರೆ, ನಿಮಗೆ ಎರಡು ವೈಟ್ ಬಾಕಿ ಇರತ್ತೆ, ಎದುರು ಸಿಕ್ಕವ್ನಿಗೆ ನಾಲ್ಕು ಬಾಕಿ ಇರತ್ತೆ. ಅವ್ನ್ ಸಾಲ ಮೊದ್ಲು ತೀರ್ಸ್ಬೇಕಲ್ಲ.

ನಮ್ ಗ್ರೂಪಲ್ಲಿ ಎಲ್ರಿಗೂ ಬ್ಲ್ಯಾಕೇ ಜಾಸ್ತಿ ಬರ್ತಿದೆಯಂತೆ, ಎಲ್ರೂ ಸುಳ್ಳು ಹೇಳ್ತಾರಾ?

ಒಂದ್ ಗೇಮಲ್ಲಿ ಒಂದೇ ವೈಟು, ಒಂದೇ ಬ್ಲ್ಯಾಕು. ನೀವು ಕರಿ ಕಾಯಿ ಹಿಡ್ಕೊಂಡು ಗೊಣಗ್ತಾ ಇರೋ ಹೊತ್ತಲ್ಲಿ ಪ್ರಪಂಚದ ಇನ್ನೊಂದು ಮೂಲೇಲಿ ಒಬ್ಬ ಬಿಳಿ ಕಾಯಿ ಹಿಡ್ಕೊಂಡು ಕೂತಿರ್ತಾನೆ. ಸೈಟ್ ಏನೇ ತಿಪ್ಪರಲಾಗ ಹಾಕಿದ್ರೂ ಎಲ್ರಿಗೂ ಬ್ಲ್ಯಾಕ್ ಜಾಸ್ತಿ ಕೊಡೋಕೆ ಆಗಲ್ಲ. ಸುಳ್ಳು ಹೇಳ್ತಿದಾರೆ ಅಂತ ನಾನ್ ಹೇಳಲ್ಲ, ನೆನಪು ಹಂಗೆ. ವೈಟಲ್ಲಿ ಸೋತ್ರೆ ನಾವೇ ದಡ್ಡರು, ಬ್ಲ್ಯಾಕಲ್ಲಿ ಸೋತ್ರೆ ಬಣ್ಣದ ತಪ್ಪು. ತಪ್ಪು ಹೊರಿಸೋಕೆ ಯಾವ್ದು ಅನುಕೂಲಾನೋ ಅದು ಚೆನ್ನಾಗಿ ನೆನಪಿರತ್ತೆ.

ನಾನೂ ಇದೇ ಜಾತಿ. ಹೋದ ವರ್ಷ ಒಂದು ಹಳೇ ಡೈರಿಲಿ ನೂರು ಗೇಮ್ ಬರ್ದಿಟ್ಟೆ, ಗೆರೆ ಎಳೆದು ಒಂದು ಕಡೆ ವೈ, ಇನ್ನೊಂದು ಕಡೆ ಬ್ಲ್ಯಾ. ಶುರು ಮಾಡೋಕ್ ಮುಂಚೆ ನನ್ನ ಅಂದಾಜು ಅರವತ್ತೈದು ಬ್ಲ್ಯಾಕ್. ಕೊನೇಲಿ ಎಣಿಸಿದ್ರೆ 53. ನಂಬ್ದೆ ಇನ್ನೊಂದ್ ಸಲ ಎಣಿಸ್ದೆ, ಆಗ್ಲೂ 53.

ವೈಟ್ ಆಡಿದ್ರೆ ಅಡ್ವಾಂಟೇಜ್ ಅನ್ನೋದು ನಿಜಾನಾ, ಇಲ್ಲಾ ಸುಮ್ನೆ ಹೇಳೋದಾ?

ನಿಜ. ದೊಡ್ಡ ಆಟಗಾರರ ಲಕ್ಷಾಂತರ ಗೇಮ್‌ಗಳನ್ನ ಒಟ್ಟು ಹಾಕಿ ನೋಡಿದ್ರೆ ವೈಟ್‌ಗೆ ನೂರು ಪಾಯಿಂಟಲ್ಲಿ ಸುಮಾರು 54-55 ಬರತ್ತೆ, ಡ್ರಾಗೆ ಅರ್ಧರ್ಧ ಲೆಕ್ಕ ಹಿಡಿದು. ರೇಟಿಂಗ್, ಅಂದ್ರೆ ಆಟಗಾರನ ಮಟ್ಟ ತೋರ್ಸೋ ಅಂಕಿ, ಅದರ ಭಾಷೇಲಿ ಹೇಳೋದಾದ್ರೆ ನಿಮಗಿಂತ 35 ಪಾಯಿಂಟ್ ಜಾಸ್ತಿ ಇರೋನ ಎದುರು ಆಡಿದಷ್ಟು ವ್ಯತ್ಯಾಸ. ನೀವು 1200 ಇದೀರ, ಎದುರಿನವ್ನು 1235. ಅವನ ಹೆಸರಿನ ಪಕ್ಕದಲ್ಲಿ 1235 ನೋಡಿ ನೀವ್ಯಾವತ್ತಾದ್ರೂ ಹೆದರಿ ಫೋನ್ ಕೆಳಗಿಟ್ಟಿದೀರಾ?

ಆಟ ಮೇಲಕ್ಕೆ ಹೋದ ಹಾಗೆ ಇದು ಭಾರ ಆಗ್ತಾ ಹೋಗತ್ತೆ. 2017ರಲ್ಲಿ ಗೂಗಲ್‌ನ ಡೀಪ್‌ಮೈಂಡ್‌ನೋರು ಆಲ್ಫಾಜೀರೋ ಅನ್ನೋ ತಮ್ ಚೆಸ್ ಪ್ರೋಗ್ರಾಮ್‌ನ ಸ್ಟಾಕ್‌ಫಿಶ್ ಅನ್ನೋ ಇನ್ನೊಂದು ಪ್ರೋಗ್ರಾಮ್ ಮೇಲೆ ಬಿಟ್ಟು ನೂರು ಗೇಮ್ ಆಡ್ಸಿದ್ರಲ್ಲ, ಆಲ್ಫಾಜೀರೋ 28 ಗೆದ್ದು 72 ಡ್ರಾ ಮಾಡ್ತು, ಒಂದೂ ಸೋಲ್ಲಿಲ್ಲ. ಆ 28ರಲ್ಲಿ 25 ವೈಟಲ್ಲಿ, ಬ್ಲ್ಯಾಕಲ್ಲಿ ಬರೀ 3. ತಪ್ಪೇ ಮಾಡದವ್ರ ನಡುವೆ ಆ ಒಂದು ಮೊದಲ ನಡೆಗೆ ಅಷ್ಟು ಬೆಲೆ. ನಮ್ ಶನಿವಾರದ ಆಟದಲ್ಲಿ ಹನ್ನೆರಡನೇ ನಡೆಗೆ ಒಬ್ಬ ಕುದುರೆ ಪುಕ್ಕಟೆ ಕೊಟ್ಟಿರ್ತಾನೆ, ಹದಿನಾಲ್ಕನೇ ನಡೆಗೆ ಇನ್ನೊಬ್ಬ ಕ್ವೀನ್ ಮರೆತಿರ್ತಾನೆ, ಇಲ್ಲಿ ಮೊದಲ ನಡೆ ಯಾರದ್ದು ಅಂತ ಯಾರ್ ಕೇಳ್ತಾರೆ.

ಅಂದಹಾಗೆ ಬಿಳಿ ಕಾಯೇ ಮೊದಲು ಅನ್ನೋದು ಹಿಂದಿನಿಂದ ಬಂದ ಶಾಸ್ತ್ರ ಏನಲ್ಲ. 19ನೇ ಶತಮಾನದಲ್ಲಿ ಕರಿ ಕಾಯಿ ಮೊದಲು ನಡೆಸಿ ಆಡಿರೋ ಗೇಮ್‌ಗಳಿವೆ, ಆಮೇಲಾಮೇಲೆ ಇದೊಂದು ನಿಯಮ ಆಗಿ ನಿಂತ್ಕೊಂತು.

ಬ್ಲ್ಯಾಕ್ ಜಾಸ್ತಿ ಬಂದಿದ್ದಕ್ಕೇ ನನ್ ರೇಟಿಂಗ್ 150 ಬಿದ್ದೋಯ್ತು ಅಂತೀನಿ. ಒಪ್ತೀರಾ?

ಒಪ್ಪಲ್ಲ. ನೂರು ಗೇಮಲ್ಲಿ ನಿಮಗೆ 55 ಬ್ಲ್ಯಾಕ್, 45 ವೈಟ್ ಬಂತು ಅಂತಿಟ್ಕೊಳ್ಳಿ. ವೈಟಲ್ಲಿ 54 ಪರ್ಸೆಂಟು, ಬ್ಲ್ಯಾಕಲ್ಲಿ 46 ಪರ್ಸೆಂಟು ಹಿಡಿದ್ರೆ ನಿಮಗೆ ಸಿಗೋದು 49.6 ಪಾಯಿಂಟು. ಸರಿಸಮ ಬಂದಿದ್ರೆ 50 ಸಿಗ್ತಿತ್ತು. ನಷ್ಟ 0.4, ಒಂದ್ ಡ್ರಾ ಕೂಡ ಅಲ್ಲ. ಗೆದ್ರೆ 8 ಬರತ್ತೆ ಸೋತ್ರೆ 8 ಹೋಗತ್ತೆ ಅಂದ್ರೂ ಆರು ಚಿಲ್ಲರೆ ರೇಟಿಂಗ್ ಪಾಯಿಂಟು. ಮಿಕ್ಕ 144ಕ್ಕೆ ರಾತ್ರಿ ಒಂದೂವರೆ ಗಂಟೇಲಿ "ಇದೊಂದೇ ಲಾಸ್ಟ್ ಗೇಮು" ಅಂತ ಆಡಿದ್ದು ಕಾರಣ, ನಂಗೂ ಆಗಿರೋದೇ.

ಹಾಗಾದ್ರೆ ನಂಗೆ ಅನ್ಯಾಯ ಆಗ್ತಿದೆಯೋ ಇಲ್ವೋ ಅಂತ ಚೆಕ್ ಮಾಡ್ಕೊಳ್ಳೋದ್ ಹೆಂಗೆ?

ಎಣಿಸಿ. ಹತ್ತು ಗೇಮ್ ಎಣಿಸಿದ್ರೆ ಏನೂ ಗೊತ್ತಾಗಲ್ಲ, ಯಾಕಂದ್ರೆ ಹತ್ತರಲ್ಲಿ ಸರಿಯಾಗಿ 5-5 ಬರೋದೇ ನಾಲ್ಕು ಸಲಕ್ಕೆ ಒಂದ್ ಸಲ, ಏಳು ಅಥವಾ ಅದಕ್ಕಿಂತ ಜಾಸ್ತಿ ಬ್ಲ್ಯಾಕ್ ಬರೋ ಸಾಧ್ಯತೇನೇ ನೂರಕ್ಕೆ 17. ನೂರು ಗೇಮ್ ಎಣಿಸಿದ್ರೆ 40ರಿಂದ 60ರ ಒಳಗೆ ಎಲ್ಲಿದ್ರೂ ಗಾಬರಿ ಬೇಡ, ನಾಣ್ಯ ಚಿಮ್ಮಿದ್ರೂ ನೂರು ಜನರಲ್ಲಿ 96 ಜನ ಅದರೊಳಗೇ ಇರ್ತಾರೆ. ನೂರಕ್ಕೆ ನೂರು ಸಮ, 50-50 ಬರೋರು ಎಂಟೇ ಜನ. ಜನ ಇಲ್ಲೇ ಎಡವೋದು, ರ‍್ಯಾಂಡಮ್ ಅಂದ್ರೆ ಸಮಪಾಲು ಅನ್ಕೊಂಡಿರ್ತಾರೆ. ಅಣ್ಣತಮ್ಮಂದಿರಿಗೆ ತೆಂಗಿನ ತೋಟ ಪಾಲು ಮಾಡೋದು ಬೇರೆ, ಚೀಟಿ ಎತ್ತೋದು ಬೇರೆ. ಚೀಟಿ ಎತ್ತಿದ್ರೆ ಯಾರ್ದೂ ಮೋಸ ಇಲ್ದೆ ಒಬ್ಬನಿಗೇ ಎರಡು ಸಲ ಬರ್ಬಹುದು.

ಸಾವಿರ ಗೇಮ್ ಆಡಿದೋರಿಗೆ ಅಳತೆ ಬಿಗಿಯಾಗತ್ತೆ, 470ರಿಂದ 530 ಒಳಗೆ ಇರ್ಬೇಕು, 550 ದಾಟಿದ್ರೆ ಬನ್ನಿ ಕೂತು ಮಾತಾಡೋಣ. ಎಣಿಸೋಕೆ ಡೈರಿ ಬೇಕಿಲ್ಲ, ನನ್ ಥರ ಮಾಡ್ಬೇಡಿ. ಲಿಚೆಸ್‌ನಲ್ಲಿ ಚೆಸ್ ಇನ್‌ಸೈಟ್ಸ್ ಅಂತ ಇದೆ, ಬಣ್ಣದ ಪ್ರಕಾರ ವಿಂಗಡಿಸಿ ತೋರಿಸತ್ತೆ. ಚೆಸ್ ಡಾಟ್ ಕಾಮ್‌ನಲ್ಲೂ ನಿಮ್ ಹಳೇ ಗೇಮ್‌ಗಳೆಲ್ಲಾ ಆರ್ಕೈವ್‌ನಲ್ಲಿ ಸಿಗತ್ತೆ. ಲಿಚೆಸ್‌ನೋರು ಎಲ್ಲಾ ರೇಟೆಡ್ ಗೇಮ್‌ಗಳನ್ನೂ ತಿಂಗಳು ತಿಂಗಳು ಡೌನ್‌ಲೋಡ್‌ಗೇ ಬಿಡ್ತಾರೆ, ಇಷ್ಟು ಬಟಾಬಯಲಲ್ಲಿ ಇಟ್ಕೊಂಡು ಕಳ್ಳಾಟ ಆಡೋದು ಕಷ್ಟ.

ಆರು ಸಲ ಬ್ಲ್ಯಾಕ್ ಬಂದೈತೆ, ಏಳನೇದು ವೈಟ್ ಬರ್ಲೇಬೇಕಲ್ವಾ?

ನಾಣ್ಯಕ್ಕೆ ನೆನಪಿರಲ್ಲ. 1913ರ ಆಗಸ್ಟ್ 18ರಂದು ಮಾಂಟೆ ಕಾರ್ಲೋ ಕ್ಯಾಸಿನೋದಲ್ಲಿ ರೂಲೆಟ್ ಚಕ್ರ ಸತತ 26 ಸಲ ಕಪ್ಪು ಬಣ್ಣಕ್ಕೇ ಬಿತ್ತು ಅನ್ನೋದು ಜಗತ್ತಿಗೇ ಗೊತ್ತಿರೋ ಕಥೆ. ಹದಿನೈದಾದ್ಮೇಲೆ "ಇನ್ನೇನ್ ಕೆಂಪು ಬಂದೇ ಬರತ್ತೆ" ಅಂತ ಜನ ದುಡ್ಡು ಸುರೀತಾ ಹೋದ್ರು, ಚಕ್ರ ಕಪ್ಪು ತೋರಿಸ್ತಾ ಹೋಯ್ತು. ಲಿಚೆಸ್ ಥರ ಖಾತೆ ಪುಸ್ತಕ ಇಟ್ಟಿರೋ ಕಡೆ ಮಾತ್ರ ನಿಮ್ ಏಳನೇ ಗೇಮಿಗೆ ವೈಟ್ ಬರೋ ಛಾನ್ಸ್ ಜಾಸ್ತಿ ಇರತ್ತೆ, ಬರೀ ನಾಣ್ಯದ ಕಡೆ ಆಗ್ಲೂ ಅರ್ಧಕ್ಕರ್ಧವೇ.

ಕಂಪ್ಯೂಟರ್ ಮಾಡೋ ರ‍್ಯಾಂಡಮ್ಮು ನಿಜವಾದ ರ‍್ಯಾಂಡಮ್ ಅಲ್ವಂತೆ? ಮುಷ್ಟಿಯಲ್ಲಿ ಪಾನ್, ಅಂದ್ರೆ ಕಾಲಾಳು ಕಾಯಿ, ಬಚ್ಚಿಟ್ಟು ಆರಿಸೋದೇ ಸರಿ ಅಂತಾರೆ.

ಈ ಪ್ರಶ್ನೆಗೆ ನನ್ನ ಸೋದರಮಾವನ ಕಥೆ ಹೇಳ್ಲೇಬೇಕು.

ಬೇಸಿಗೆ ರಜಕ್ಕೆ ಗುಬ್ಬಿಗೆ ಹೋಗ್ತಿದ್ದೆ. ಮಾವ ಜಗುಲಿ ಮೇಲೆ ಬೋರ್ಡ್ ಹಾಸೋರು, ಒಂದು ಬಿಳಿ ಪಾನ್ ಒಂದು ಕರಿ ಪಾನ್ ಎತ್ಕೊಂಡು ಕೈ ಬೆನ್ನ ಹಿಂದಕ್ಕೆ ಹಾಕೋರು, "ಯಾವ ಕೈ ಹೇಳೋ" ಅನ್ನೋರು. ನಂಗೆ ಯಾವಾಗ್ಲೂ ಕರಿ. ನಾನು ಬಲಗೈ ಮನುಷ್ಯ, ಎದುರು ಕೂತಾಗ ನನ್ನ ಬಲಕ್ಕೆ ಇರೋ ಮುಷ್ಟೀನೇ ಮುಟ್ತಿದ್ದೆ, ಅಂದ್ರೆ ಮಾವನ ಎಡಗೈ. ಎರಡು ಬೇಸಿಗೆ ಕಳೆದ್ಮೇಲೆ ಒಂದಿನ ಹಿತ್ತಲಿಂದ ನೀರು ಕುಡ್ಕೊಂಡು ವಾಪಸ್ ಬರ್ತಿದ್ದೆ, ಮಾವ ನನ್ ಕಡೆ ಬೆನ್ನು ಹಾಕಿ ಕೂತಿದ್ರು, ಪಕ್ಕದ್ಮನೆ ಹುಡುಗನ ಜೊತೆ ಆಟ ಶುರು ಮಾಡ್ತಿದ್ರು. ನೋಡ್ತೀನಿ, ಕರಿ ಪಾನ್ ಎಡಗೈಲಿ, ಬಿಳಿ ಬಲಗೈಲಿ, ಬೆನ್ನ ಹಿಂದೆ ಒಂದ್ ಸಲ ಅದಲು ಬದಲು ಮಾಡಿದ್ರು, ಇನ್ನೊಂದ್ ಸಲ ಮಾಡಿದ್ರು, ಮುಂದಕ್ಕೆ ತಂದ್ರು. ಎರಡು ಸಲ ಅದಲು ಬದಲಾದ್ರೆ ಎಲ್ಲಿತ್ತೋ ಅಲ್ಲಿಗೇ ಬಂತಲ್ಲ! ಮಾವ ಬೇಕಂತ ಮಾಡ್ತಿದ್ರಾ ಅಂದ್ರೆ ಖಂಡಿತ ಇಲ್ಲ, ಅವರಿಗೇ ಗೊತ್ತಿರ್ಲಿಲ್ಲ, ಕೈ ಅಭ್ಯಾಸ. ಅವತ್ತಿಂದ ನಾನು ಅವರ ಬಲಗೈ ಮುಟ್ಟೋಕೆ ಶುರು ಮಾಡ್ದೆ, ಆ ಬೇಸಿಗೆ ಪೂರ್ತಿ ಬಿಳಿ ಕಾಯಿ. ಮಾವ ಅತ್ತೆ ಹತ್ರ "ಹುಡುಗನ ಗ್ರಹಗತಿ ಚೆನ್ನಾಗೈತೆ" ಅಂತ ಹೇಳಿದ್ರಂತೆ. ಇವತ್ತಿನವರೆಗೂ ನಾನ್ ಬಾಯ್ಬಿಟ್ಟಿಲ್ಲ.

ಮನುಷ್ಯನ ಕೈ ರ‍್ಯಾಂಡಮ್ ಅಲ್ಲ ಸ್ವಾಮಿ. ನಾಣ್ಯಾನೂ ಪೂರ್ತಿ ನಿಯತ್ತಿಂದಲ್ಲ, ಯುರೋಪಿನ ಸಂಶೋಧಕರು 3,50,757 ಸಲ ನಾಣ್ಯ ಚಿಮ್ಮಿ 2023ರಲ್ಲಿ ಲೆಕ್ಕ ಕೊಟ್ರು, ಚಿಮ್ಮೋವಾಗ ಮೇಲಿದ್ದ ಮುಖವೇ ಬೀಳುವಾಗ್ಲೂ ಮೇಲೆ ಬರೋದು ನೂರಕ್ಕೆ 50.8. ನಾವು ಚಿಕ್ಕೋರಿದ್ದಾಗ ಗಲ್ಲಿ ಕ್ರಿಕೆಟ್‌ಗೆ ಹೆಂಚಿನ ಚೂರಿಗೆ ಒಂದು ಕಡೆ ಉಗುಳು ಹಚ್ಚಿ "ಒದ್ದೆನಾ ಒಣಾನಾ" ಅಂತ ಎಸೀತಿದ್ವಲ್ಲ, ಅದರ ನಿಯತ್ತು ಎಷ್ಟಿತ್ತೋ ದೇವರೇ ಬಲ್ಲ.

ಕಂಪ್ಯೂಟರ್ದು ಲೆಕ್ಕದಿಂದ ಹುಟ್ಟಿಸೋ ಅಂಕಿ, ಅಸಲಿ ರ‍್ಯಾಂಡಮ್ ಅಲ್ಲ ಅನ್ನೋದು ನಿಜ. ಆದ್ರೆ ಆ ಅಂಕಿ ಸಾಲಲ್ಲಿ ಮುಂದಿಂದು ಏನು ಅಂತ ನಿಮಗೂ ಗೊತ್ತಾಗಲ್ಲ, ಎದುರಿನವ್ನಿಗೂ ಗೊತ್ತಾಗಲ್ಲ, ಬಣ್ಣ ಹಂಚೋಕೆ ಅಷ್ಟು ಸಾಕು. ಸರ್ವರ್‌ಗೆ ಎಡಗೈ ಬಲಗೈ ಇಲ್ಲ.

ಒಂದ್ ಸಲ ವೈಟು, ಒಂದ್ ಸಲ ಬ್ಲ್ಯಾಕು ಅಂತ ಕೊಟ್ಬಿಟ್ರೆ ತಲೆನೋವೇ ಇರಲ್ವಲ್ಲ?

ನಾನೂ ಹಂಗೇ ಅನ್ಕೊಂಡಿದ್ದೆ. ತೊಂದರೆ ಏನಪ್ಪಾ ಅಂದ್ರೆ ನಿಮಗೆ ಈ ಸಲ ವೈಟ್ ಬರ್ಬೇಕು ಅಂತಾದ್ರೆ, ಈ ಸಲ ಬ್ಲ್ಯಾಕ್ ಬರ್ಬೇಕಾಗಿರೋನೇ ಎದುರಿಗೆ ಸಿಗ್ಬೇಕು. ಅವ್ನು ನಿಮ್ ರೇಟಿಂಗ್ ಹತ್ರದವ್ನೂ ಆಗಿರ್ಬೇಕು, ನಿಮ್ ಟೈಮ್ ಕಂಟ್ರೋಲೇ, ಅಂದ್ರೆ ನೀವು ಆರಿಸಿದಷ್ಟೇ ಸಮಯದ ಆಟಾನೇ, ಒತ್ತಿರ್ಬೇಕು. ಸಂಜೆ ಹೊತ್ತು ಜಾತ್ರೆ ಥರ ಜನ ಇರೋವಾಗ ಓಕೆ, ಜನ ಕಮ್ಮಿ ಇರೋ ಹೊತ್ತಲ್ಲಿ ಅಥವಾ ಹೆಚ್ಚು ಜನ ಆಡದ ಟೈಮ್ ಕಂಟ್ರೋಲಲ್ಲಿ ಸುತ್ತುತಾ ಇರೋ ಚಕ್ರ ನೋಡ್ಕೊಂಡು ಕೂರ್ಬೇಕು. ಕಾಯೋ ಸಮಯ ಜಾಸ್ತಿ ಆದ್ರೆ ಅದಕ್ಕೂ ಬೈಯೋದು ನಾವೇ. ಅದ್ಕೆ ಮಧ್ಯದ ದಾರಿ, ಆದಷ್ಟು ಸರಿತೂಗಿಸು, ಆಗ್ದಿದ್ರೆ ಬಿಡು ಅನ್ನೋ ಥರ.

ರೀಮ್ಯಾಚ್ ಒತ್ತಿದ್ರೆ ಮಾತ್ರ ಬಣ್ಣ ಅದಲು ಬದಲಾಗತ್ತೆ, ಅಲ್ಲಿ ಈ ರಗಳೆ ಇಲ್ಲ. ಬಣ್ಣದ ಬಗ್ಗೆ ಅಷ್ಟು ಹೊಟ್ಟೆ ಉರಿ ಇರೋರು ಸೋತ ತಕ್ಷಣ ಓಡಿಹೋಗದೆ ರೀಮ್ಯಾಚ್ ಕೊಡಿ, ಗೆದ್ದ ತಕ್ಷಣ ಓಡಿಹೋಗೋರಿಗೂ ಇದೇ ಮಾತು.

ಬ್ಲ್ಯಾಕ್ ಬಂದ್ರೆ ನಾನು ಅಬಾರ್ಟ್ ಮಾಡಿ, ಅಂದ್ರೆ ಶುರುವಲ್ಲೇ ಗೇಮ್ ರದ್ದು ಮಾಡಿ, ಹೊಸ ಗೇಮ್ ತಗೋತೀನಿ. ಅದ್ರಲ್ಲಿ ತಪ್ಪೇನು?

ನಿಜವಾದ ಅನ್ಯಾಯ ಇಡೀ ಈ ವಿಷಯದಲ್ಲಿ ಎಲ್ಲಾದ್ರೂ ಇದೆ ಅಂದ್ರೆ ಇಲ್ಲಿದೆ, ಅದನ್ನ ಮಾಡ್ತಿರೋದು ಸರ್ವರ್ ಅಲ್ಲ, ನೀವು.

ನೂರು ಸಲ ನಂಗೆ ಎದುರಾಳಿ ಸಿಕ್ಕಿದ ಅನ್ಕೊಳ್ಳಿ, ಐವತ್ತು ಸಲ ನಂಗೆ ವೈಟ್ ಬಂತು, ಐವತ್ತು ಸಲ ಬ್ಲ್ಯಾಕ್. ಎದುರಾಳಿಗಳಲ್ಲಿ ಹತ್ತಕ್ಕೆ ಒಬ್ಬ ನಿಮ್ ಥರದವ್ನು, ಕರಿ ಕಾಯಿ ನೋಡಿದ ತಕ್ಷಣ ಎದ್ದೋಗೋನು. ಅವ್ನಿಗೆ ಕರಿ ಬರೋದು ಯಾವಾಗ? ನಂಗೆ ವೈಟ್ ಬಂದಾಗ. ಅಂದ್ರೆ ನನ್ನ ಐವತ್ತು ವೈಟ್ ಗೇಮಲ್ಲಿ ಐದು ಶುರುವಾಗೋಕ್ ಮುಂಚೆನೇ ಮಾಯ. ಬ್ಲ್ಯಾಕ್ ಐವತ್ತೂ ಹಂಗೇ ಉಳ್ಕೊಂತು, ಯಾಕಂದ್ರೆ ಆಗ ನಿಮ್ಮಂಥವ್ನಿಗೆ ವೈಟ್ ಬಂದು ಖುಷಿಯಾಗಿ ಆಡ್ತಾ ಕೂತಿರ್ತಾನೆ. ಆಡಿ ಮುಗ್ಸಿದ್ದು 45 ವೈಟ್, 50 ಬ್ಲ್ಯಾಕ್. ಸರ್ವರ್ ಅಷ್ಟು ನಿಯತ್ತಾಗಿ ಹಂಚಿದ್ರೂ ನನ್ನ ಹಿಸ್ಟರೀಲಿ ಬ್ಲ್ಯಾಕ್ ಜಾಸ್ತಿ ಕಾಣತ್ತೆ. ಪಂಕ್ತಿ ಊಟದಲ್ಲಿ ಬಡಿಸೋನು ಎಲ್ರಿಗೂ ಒಂದೊಂದೇ ಹೋಳಿಗೆ ಹಾಕಿರ್ತಾನೆ, ಪಕ್ಕದಲ್ಲಿ ಕೂತಿರೋನು ನಮ್ಮೆಲೆಗೆ ಕೈ ಹಾಕಿದ್ರೆ ಬಡಿಸೋನನ್ನ ಬೈದು ಪ್ರಯೋಜನ ಏನು.

ನನ್ನ ಡೈರಿಯ 53ರಲ್ಲಿ ಇದರ ಪಾಲು ಎಷ್ಟು ಅಂತ ನಾನು ಬರ್ಕೊಂಡಿರ್ಲಿಲ್ಲ, ದಡ್ಡತನ. ಈಗ ಅಬಾರ್ಟ್ ಆಗಿದ್ದನ್ನೂ ಗೀಚಿಡ್ತೀನಿ. ದೊಡ್ಡ ಸೈಟ್‌ಗಳು ಪದೇ ಪದೇ ಅಬಾರ್ಟ್ ಮಾಡೋರನ್ನ ಸ್ವಲ್ಪ ಹೊತ್ತು ಆಡದ ಹಾಗೆ ಕೂರಿಸ್ತಾರೆ, ಒಳ್ಳೇದೇ ಮಾಡ್ತಾರೆ. ನಮ್ ಗುಂಪಲ್ಲೂ ಒಬ್ರು ಇದಾರೆ, ಹೆಸರು ಬೇಡ, ಹೋದ ತಿಂಗಳು ಹಂಗೆ ಕೂತಿದ್ರು, "ನೆಟ್ವರ್ಕ್ ಇಶ್ಯೂ" ಅಂತ ಹೇಳ್ಕೊಂಡು ಓಡಾಡಿದ್ರು.

ನಂದು ನಿಜವಾಗ್ಲೂ ನೆಟ್ವರ್ಕ್ ಇಶ್ಯೂ. ದಿನಾ ಟ್ರೇನಲ್ಲಿ ಬೆಂಗಳೂರಿಗೆ ಹೋಗೋವಾಗ ಆಡ್ತೀನಿ.

ಗೊತ್ತು, ನಾನೂ ಆರು ವರ್ಷ ಓಡಾಡಿದೀನಿ. ಕ್ಯಾತ್ಸಂದ್ರ ದಾಟಿ ಹಿರೇಹಳ್ಳಿ, ನಿಡವಂದ ಆ ಕಡೆ ಸಿಗ್ನಲ್ ಕಡ್ಡಿ ಒಂದೊಂದೇ ಉದುರುತ್ವೆ, ಮೊದಲ ನಡೆ ಹೋಗ್ದೆ ಗೇಮ್ ತಾನೇ ಅಬಾರ್ಟ್ ಆಗತ್ತೆ. ಅಲ್ಲಿ ಬ್ಲಿಟ್ಜ್ ಬೇಡ, ದಿನಕ್ಕೊಂದು ನಡೆ ಆಡೋ ಡೈಲಿ ಗೇಮ್ ಹಾಕ್ಕೊಳ್ಳಿ, ಇಲ್ಲಾಂದ್ರೆ ಪಜಲ್ ಬಿಡಿಸಿ. ಸೀಟ್ ಸಿಕ್ಕಿದ್ರೆ ನಿದ್ದೆ ಇನ್ನೂ ಒಳ್ಳೇದು.

ದುಡ್ಡು ಕೊಟ್ಟು ಮೆಂಬರ್‌ಶಿಪ್ ತಗೊಂಡ್ರೆ ವೈಟ್ ಜಾಸ್ತಿ ಬರತ್ತಂತೆ?

ಲಿಚೆಸ್‌ನಲ್ಲಿ ದುಡ್ಡು ಕೊಡೋಕೆ ಮೆಂಬರ್‌ಶಿಪ್ಪೇ ಇಲ್ಲ, ಅದು ಲಾಭಕ್ಕೆ ನಡೆಸೋ ಸಂಸ್ಥೆ ಅಲ್ಲ, ದೇಣಿಗೆ ಮೇಲೆ ನಡಿಯೋದು. ಬೇರೆ ಕಡೆ ಮೆಂಬರ್‌ಶಿಪ್‌ಗೆ ಪಾಠ, ಪಜಲ್ಲು, ಗೇಮ್ ರಿವ್ಯೂ ಸಿಗತ್ತೆ. ವೈಟ್ ಮಾರಾಟಕ್ಕಿಟ್ಟಿದ್ರೆ ನಮ್ ಗುಂಪಲ್ಲಿ ಒಬ್ರು ಈಗಾಗ್ಲೇ ಸೈಟ್ ಮಾರ್ಕೊಂಡಿರೋರು, ಸೈಟ್ ಅಂದ್ರೆ ಬಟವಾಡಿ ಹತ್ರದ 30-40 ಸೈಟು.

ದೊಡ್ಡ ಟೂರ್ನಮೆಂಟ್‌ನಲ್ಲೂ ಹಿಂಗೇ ರ‍್ಯಾಂಡಮ್ಮಾ?

ಅಲ್ಲ. ಮೊದಲ ರೌಂಡಿಗೆ ಮಾತ್ರ ಚೀಟಿ ಎತ್ತೋದು, ಆಮೇಲೆ ಲೆಕ್ಕ. ಜಿಲ್ಲಾ ಮಟ್ಟದ ಸ್ವಿಸ್ ಟೂರ್ನಮೆಂಟ್ (ಪ್ರತಿ ರೌಂಡಲ್ಲೂ ಹೆಚ್ಚುಕಮ್ಮಿ ಅಷ್ಟೇ ಪಾಯಿಂಟ್ ಇರೋರನ್ನ ಎದುರು ಹಾಕೋದು) ಆಡಿದೋರಿಗೆ ಗೊತ್ತಿರತ್ತೆ, ವಿಶ್ವ ಚೆಸ್ ಸಂಸ್ಥೆ ಫಿಡೆ ನಿಯಮದ ಪ್ರಕಾರ ಒಬ್ಬನಿಗೆ ಒಂದು ಬಣ್ಣ ಇನ್ನೊಂದಕ್ಕಿಂತ ಎರಡಕ್ಕಿಂತ ಜಾಸ್ತಿ ಆಗಂಗಿಲ್ಲ, ಒಂದೇ ಬಣ್ಣ ಸಾಲಾಗಿ ಮೂರು ಸಲ ಬರಂಗಿಲ್ಲ, ಕೊನೇ ರೌಂಡಲ್ಲಿ ಮೇಲಿನ ಬೋರ್ಡ್‌ಗಳಿಗೆ ಸ್ವಲ್ಪ ವಿನಾಯ್ತಿ. ಇಲ್ಲೂ ರೌಂಡ್ ಸಂಖ್ಯೆ ಬೆಸ ಆದ್ರೆ ಯಾರಿಗಾದ್ರೂ ಒಂದ್ ಬ್ಲ್ಯಾಕ್ ಜಾಸ್ತಿ ಬಂದೇ ಬರತ್ತೆ, ಚೆಸ್ ಡಾಟ್ ಕಾಮ್‌ನ ಟೈಟಲ್ಡ್ ಟ್ಯೂಸ್ಡೇ ಅನ್ನೋ ಆನ್‌ಲೈನ್ ಟೂರ್ನಮೆಂಟ್ 11 ರೌಂಡು, ಗ್ರ್ಯಾಂಡ್‌ಮಾಸ್ಟರ್ ಆದ್ರೂ 6-5 ತಗೋಬೇಕು. ಪಾಯಿಂಟ್ ಸಮ ಆದಾಗ ಬ್ಲ್ಯಾಕ್ ಜಾಸ್ತಿ ಆಡಿದವ್ನನ್ನ ಮೇಲಿಡೋ ಟೈಬ್ರೇಕೂ ಇದೆ.

ಟೀಮ್ ಆಟದಲ್ಲಿ ಇನ್ನೂ ಚೆಂದ. ಒಲಿಂಪಿಯಾಡ್‌ನಲ್ಲಿ ನಾಲ್ಕು ಬೋರ್ಡು, ಒಂದನೇ, ಮೂರನೇ ಬೋರ್ಡಲ್ಲಿ ಒಂದು ಬಣ್ಣ, ಎರಡು ನಾಲ್ಕರಲ್ಲಿ ಇನ್ನೊಂದು. ಎರಡೂ ದೇಶಕ್ಕೆ ಎರಡೆರಡು ವೈಟು, ಮಾತೇ ಇಲ್ಲ. 2024ರಲ್ಲಿ ಬುಡಾಪೆಸ್ಟ್‌ನಲ್ಲಿ ಓಪನ್ನು, ವಿಮೆನ್ಸು ಎರಡೂ ಚಿನ್ನ ನಮ್ಮೋರು ತಂದಿದ್ದು ಈ ಲೆಕ್ಕದಲ್ಲೇ.

ವರ್ಲ್ಡ್ ಚಾಂಪಿಯನ್‌ಶಿಪ್‌ನಲ್ಲಿ ಎಷ್ಟು ಸೂಕ್ಷ್ಮ ನೋಡಿ, 2013ರಲ್ಲಿ ಚೆನ್ನೈಲಿ ಆನಂದ್-ಕಾರ್ಲ್‌ಸನ್ ಮ್ಯಾಚ್ 12 ಗೇಮಿಂದು, ಅರ್ಧಕ್ಕೆ ಬಂದಾಗ ಬಣ್ಣದ ಸರದಿ ತಿರುಗಿಸಿದ್ರು, ಹಂಗಾಗಿ ಆನಂದ್ ಆರನೇ ಗೇಮೂ ವೈಟು, ಏಳನೇ ಗೇಮೂ ವೈಟು ಆಡಿದ್ರು. ಒಬ್ಬನಿಗೇ ಪ್ರತಿ ಸಲ ರೆಸ್ಟ್ ಡೇ ಆದ್ಮೇಲೆ ವೈಟ್ ಬರದಿರ್ಲಿ ಅಂತ. ಆರನೇ ಗೇಮ್ ವೈಟಲ್ಲೇ ಸೋತ್ರು ಅನ್ನೋದು ಬೇರೆ ಮಾತು, ನಂಗೆ ಇವತ್ತಿಗೂ ಹೊಟ್ಟೆ ಕಿವುಚತ್ತೆ. ಇನ್ನು 2024ರ ನವೆಂಬರ್-ಡಿಸೆಂಬರ್‌ನಲ್ಲಿ ಸಿಂಗಾಪುರದಲ್ಲಿ ಗುಕೇಶ್ ಮೊದಲ ಗೇಮ್ ವೈಟಲ್ಲಿ ಸೋತು, ಹದಿನಾಲ್ಕನೇ ಗೇಮ್ ಬ್ಲ್ಯಾಕಲ್ಲಿ ಗೆದ್ದು ವರ್ಲ್ಡ್ ಚಾಂಪಿಯನ್ ಆದ. ಮುಂದಿನ ಸಲ ಕರಿ ಕಾಯಿ ಬಂತು ಅಂತ ಗ್ರೂಪಲ್ಲಿ ಯಾರಾದ್ರೂ ಅತ್ರೆ ನಾನು ಆ ಗೇಮಿನ ಲಿಂಕ್ ಹಾಕ್ತೀನಿ.

ನಾರ್ವೆ ಚೆಸ್ ಅನ್ನೋ ಟೂರ್ನಮೆಂಟ್‌ನೋರು ಇನ್ನೊಂದು ಥರ ಸರಿದೂಗಿಸ್ತಾರೆ, ಕ್ಲಾಸಿಕಲ್ ಗೇಮ್ ಡ್ರಾ ಆದ್ರೆ ಅರ್ಮಗೆಡ್ಡನ್ ಆಡಿಸ್ತಾರೆ, ವೈಟ್‌ಗೆ 10 ನಿಮಿಷ, ಬ್ಲ್ಯಾಕ್‌ಗೆ 7, ಆದ್ರೆ ಡ್ರಾ ಆದ್ರೆ ಬ್ಲ್ಯಾಕ್ ಗೆದ್ದ ಹಾಗೆ. ಇದನ್ನ ನಾವೂ ಅಮಾನಿಕೆರೆ ಹತ್ರ ಒಂದ್ ಸಲ ಟ್ರೈ ಮಾಡಿದ್ವಿ, ಗಡಿಯಾರ ತಪ್ಪು ಒತ್ತಿ ಜಗಳ ಆಯ್ತು.

ಫ್ರೆಂಡ್ ಜೊತೆ ಆಡುವಾಗ ಬಣ್ಣ ನಾವೇ ಆರಿಸ್ಕೋಬಹುದಾ?

ಹೂಂ, ಚಾಲೆಂಜ್ ಕಳಿಸುವಾಗ ಬಿಳಿ, ಕರಿ, ಅರ್ಧಂಬರ್ಧ ಬಣ್ಣದ ರಾಜ ಅಂತ ಮೂರು ಇರತ್ತೆ. ಆ ಅರ್ಧಂಬರ್ಧ ಒತ್ತಿದ್ರೆ ರ‍್ಯಾಂಡಮ್.

ನನ್ ಮಗಳು ಎಂಟು ವರ್ಷ, ಬ್ಲ್ಯಾಕ್ ಬಂದ್ರೆ ಅಳೋಕ್ ಶುರು ಮಾಡ್ತಾಳೆ. ಏನ್ ಮಾಡ್ಲಿ?

ಅವಳಿಗೆ ಪರ್ಸೆಂಟೇಜ್ ಹೇಳೋಕ್ ಹೋಗ್ಬೇಡಿ. ವೈಟಿಗೆ ಅವಳ ಹತ್ರ ಪ್ಲಾನ್ ಇರತ್ತೆ, ಇ4 ಆಡು (ರಾಜನ ಮುಂದಿನ ಪಾನ್ ಎರಡು ಮನೆ ಮುಂದಕ್ಕೆ), ಕುದುರೆ ತೆಗಿ, ಒಂಟೆ ತೆಗಿ, ರಾಜನ್ನ ಮೂಲೆಗೆ ಕಳಿಸು ಅಂತ ಯಾರೋ ಹೇಳಿಕೊಟ್ಟಿರ್ತಾರೆ. ಬ್ಲ್ಯಾಕಿಗೆ ಯಾರೂ ಏನೂ ಹೇಳಿರಲ್ಲ, ಅದಕ್ಕೆ ಭಯ. ನಮ್ಮಲ್ಲಿ ಬರೋ ಒಬ್ಬ ಪುಟ್ಟ ಹುಡುಗನಿಗೂ ಹಿಂಗೇ ಇತ್ತು. ಅವನಿಗೆ ಒಂದು ತಿಂಗಳು ಬರೀ ಕರಿ ಕಾಯಿ ಕೊಟ್ವಿ, ಎದುರಿನವ್ನು ಇ4 ಆಡಿದ್ರೆ ಇ5, ಡಿ4 ಆಡಿದ್ರೆ ಡಿ5, ಆಮೇಲೆ ನಿಂಗೆ ಬಂದ ಹಾಗೆ ಆಡು ಅಂತ. ಮೊದಲ ಎರಡು ಶನಿವಾರ ಮುಖ ಊದಿಸ್ಕೊಂಡೇ ಕೂತಿದ್ದ, ಅವರಮ್ಮ ಕ್ಯಾತ್ಸಂದ್ರದಿಂದ ತಟ್ಟೆ ಇಡ್ಲಿ ಪಾರ್ಸಲ್ ತಂದು ಸಮಾಧಾನ ಮಾಡ್ಬೇಕಾಯ್ತು. ನಾಲ್ಕನೇ ಶನಿವಾರ ನಾನು ಬೋರ್ಡ್ ಜೋಡಿಸ್ತಿದ್ದೆ, ಬಂದೋನೇ ಬೋರ್ಡ್‌ನ ತಿರುಗಿಸಿ ಕರಿ ಕಾಯಿ ತನ್ ಕಡೆ ಎಳ್ಕೊಂಡು "ಅಂಕಲ್ ನೀವ್ ಫಸ್ಟ್ ಆಡಿ" ಅಂದ.